ಅತ್ತೆಯ ಗಡಿಗೆಯಲ್ಲಿ ಹೆಪ್ಪಾದ ಹಾಲು

ಹುಲಿಗೆಮ್ಮಾ, ನಿನ್ನ ಕ್ಯಾಪ್ಸೂಲಿನ ಡಬ್ಬಿ ಕದ್ದವಳು ನಾನು. ಗೋಡೆ ಹಾರಿ ಬಂದು ಕದಿಯಲಿಲ್ಲ — ನನ್ನದೇ ಅಡುಗೆಮನೆಯಲ್ಲಿ, ನನ್ನದೇ ಫ್ರಿಜ್ಜಿನಲ್ಲಿ, ನೀನು ನಂಬಿ ಇಟ್ಟು ಹೋಗಿದ್ದನ್ನು ಬದಲಾಯಿಸಿದೆ. ಎರಡು ವರ್ಷವಾಯಿತು. ಅಂದಿನಿಂದ ನೀನು ಪ್ರತಿ ಮುಂಜಾನೆ ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದು "ಅಕ್ಕಾ" ಅಂದಾಗಲೆಲ್ಲ ನನಗೆ ಒಂದು ಕ್ಷಣ — ಇರಲಿ, ಮೊದಲಿನಿಂದ ಹೇಳುತ್ತೇನೆ.

ನೀನು ನನ್ನ ಮೈದುನನ ಹೆಂಡತಿ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಮ್ಮಿಬ್ಬರಿಗೂ ಶುಗರ್ ಬಂದದ್ದು ಒಂದೇ ವರ್ಷ. "ನೆಗೆಣ್ಣಿ ಅಂದ್ರ ಹಿಂಗಿರಬೇಕು, ರೋಗಾನೂ ಪಾಲು ಮಾಡ್ಕೊಂಡೀವಿ" ಎಂದು ನೀನು ಬೀದಿಯಲ್ಲೆಲ್ಲ ನಗಿಸಿದ್ದೆ. ಆದೋನಿಯ ಆಸ್ಪತ್ರೆಗೆ ಗುಳಿಗೆ ತರಲು ಹೋದಾಗ ಆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಮಾತಾಡಿದಳಲ್ಲ — ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ಊರೇ ಇರುತ್ತದೆ, ಶುಗರ್ ಇದ್ದವರಲ್ಲಿ ಕೆಲವು ಒಳ್ಳೆಯವು ಕಡಿಮೆಯಾಗಿರುತ್ತವೆ, ಅವನ್ನು ಕ್ಯಾಪ್ಸೂಲಿನಲ್ಲಿ ತುಂಬಿ ಕೊಟ್ಟರೆ ಶುಗರ್ ಇಳಿಯುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದೇವೆ ಎಂದು. ಆಕೆ ತೆಲುಗಿನಲ್ಲಿ "ಮಂಚಿ ಕ್ರಿಮುಲು" ಎಂದದ್ದನ್ನು ನೀನು ಊರಿಗೆಲ್ಲ "ಒಳ್ಳೆ ಹುಳ" ಎಂದು ಸಾರಿದೆ.

ಆಕೆ ಮೂರು ಮಾತು ಬಿಡಿಸಿ ಹೇಳಿದ್ದಳು. ಅರ್ಧ ಜನಕ್ಕೆ ಜೀವಿಗಳಿರುವ ಕ್ಯಾಪ್ಸೂಲು, ಅರ್ಧ ಜನಕ್ಕೆ ಬರೀ ಹಿಟ್ಟು ತುಂಬಿದ್ದು. ಯಾರಿಗೆ ಯಾವುದೆಂದು ಪರೀಕ್ಷೆ ಮುಗಿಯುವವರೆಗೆ ಆಕೆಗೂ ಗೊತ್ತಿರುವುದಿಲ್ಲ. ದಿನದ ಶುಗರ್ ಗುಳಿಗೆಯನ್ನು ಮಾತ್ರ ಯಾರೂ ಬಿಡಬಾರದು. ಆಮೇಲೆ ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬಯಲಿಗೆ ಹೋದಾಗಿನ — ಅದನ್ನು — ಐಸ್ ಡಬ್ಬಿಯಲ್ಲಿ ಇಟ್ಟು ತರಬೇಕು. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ್ದು ನೆನಪಿದೆಯಾ?

"ಡಬ್ಬಿಯಾಗ ಏನೈತವ್ವ, ಮೀನಾ?"

"ಮೀನಲ್ಲಪ್ಪ, ಮನೀ ಬೆಳಿ. ಬೇಕಂದ್ರ ತೆಗದು ನೋಡು" ಎಂದೆ ನೀನು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಾಲಹರವಿ ದಾಟುವವರೆಗೂ ನಕ್ಕಿದ್ದೆ.

ಆ ನಗುವಿನ ಹೊತ್ತಿಗಾಗಲೇ ನಾನು ಕಳ್ಳಿಯಾಗಿದ್ದೆ.

ನಿನ್ನ ಮನೆಯಲ್ಲಿ ಫ್ರಿಜ್ಜಿಲ್ಲವೆಂದು ಎರಡೂ ಡಬ್ಬಿ ನನ್ನಲ್ಲೇ ಇದ್ದವು. ಒಂದೇ ಬಣ್ಣ, ಒಂದೇ ಗಾತ್ರ; ಮೇಲೆ ಅಂಟಿಸಿದ ಚೀಟಿಯ ನಂಬರು ಮಾತ್ರ ಬೇರೆ. ಅವನ್ನು ನೋಡಿದಾಗಲೆಲ್ಲ ನನಗೆ ಒಂದೇ ಚಿಂತೆ — ನನ್ನದು ಹಿಟ್ಟಾಗಿದ್ದರೆ? ಕೊನೆಗೆ ನನ್ನ ಬುದ್ಧಿಗೆ ಒಂದು ದಾರಿ ಹೊಳೆಯಿತು. ಬದುಕಿರುವ ಜೀವಿ ಎಂದಳಲ್ಲ ಡಾಕ್ಟರಮ್ಮ; ಬದುಕಿರುವುದಾದರೆ ಹಾಲು ಹೆಪ್ಪಾಗಲೇಬೇಕು. ನಲವತ್ತು ವರ್ಷ ಹೆಪ್ಪು ಹಾಕಿದ ಕೈ ಇದು, ಇದಕ್ಕಿಂತ ದೊಡ್ಡ ಪರೀಕ್ಷೆ ಆಸ್ಪತ್ರೆಯಲ್ಲಿ ಏನಿದ್ದೀತು ಎಂದುಕೊಂಡೆ.

ಸಂಜೆ ಹಾಲು ಕಾಸಿ, ಬೆರಳಿಗೆ ಹಿತವಾಗುವಷ್ಟು ಆರಿಸಿದೆ. ನಿನ್ನ ಕ್ಯಾಪ್ಸೂಲು ಒಂದನ್ನು ಬಿಚ್ಚಿ ಅತ್ತೆಯ ಕಾಲದ ಮಣ್ಣಿನ ಗಡಿಗೆಯಲ್ಲಿ ಕದಡಿದೆ. ಇನ್ನೊಂದು ಗಡಿಗೆ ಇರಲಿಲ್ಲ. ನನ್ನದನ್ನು ಸ್ಟೀಲ್ ಚೆಂಬಿಗೆ ಹಾಕಿದೆ. ಬೆಳಗ್ಗೆ ನೋಡಿದರೆ ಚೆಂಬಿನಲ್ಲಿ ಹಾಲು ಹಾಲಾಗಿಯೇ ಇತ್ತು. ಗಡಿಗೆಯಲ್ಲಿ — ಮೊಸರು. ಚಮಚ ನಿಲ್ಲುವಂಥ ಮೊಸರು.

ಆ ಮೊಸರು ನೋಡುತ್ತಿದ್ದಂತೆ ನಮ್ಮ ಅತ್ತೆಯ ಕಾಲು ನೆನಪಾಯಿತು. ಇದೇ ಶುಗರ್‌ನಿಂದ ಮೊದಲು ಬೆರಳು, ಆಮೇಲೆ ಪಾದ — ನೀನೂ ನೋಡಿದ್ದೀ. ಆದರೆ ಅದನ್ನು ನೆಪವಾಗಿ ಹೇಳಲಾರೆ. ಅದೇ ಕಾಲನ್ನು ನೀನೂ ತೊಳೆದವಳು, ನಿನಗೂ ಅದೇ ಭಯವಿತ್ತು. ನಾನು ಮಾಡಿದ್ದು ಇಷ್ಟು: ಫ್ರಿಜ್ಜಿನ ತೇವಕ್ಕೆ ಸಡಿಲಾಗಿದ್ದ ಎರಡೂ ಚೀಟಿ ಬಿಡಿಸಿದೆ, ಅದಲುಬದಲು ಮಾಡಿದೆ, ಅನ್ನದ ಅಗುಳು ಅರೆದು ಅಂಟಿಸಿದೆ. ಸ್ವಲ್ಪ ಹೊತ್ತಿಗೆ ನೀನು ಬಂದು, ನನ್ನ ಡಬ್ಬಿಯ ಕ್ಯಾಪ್ಸೂಲನ್ನು ನಿನ್ನದೆಂದು ನುಂಗಿ, ನೀರು ಕುಡಿದು, "ಹೋಗ್ರಪ್ಪ ಒಳ್ಳೆ ಹುಳಗಳಾ, ಕೆಲಸ ಮಾಡ್ರಿ" ಎಂದು ಹೊಟ್ಟೆ ತಟ್ಟಿಕೊಂಡೆ. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಮೂರು ತಿಂಗಳು ಕಳೆಯಿತು. ನಿನ್ನ ಶುಗರ್ ಇಳಿಯಿತು, ನನ್ನದು ಇದ್ದಲ್ಲೇ ಕೂತಿತು. ನನಗೆ ಅರ್ಥವೇ ಆಗಲಿಲ್ಲ — ಒಳ್ಳೆಯದನ್ನು ತಿಂದವಳು ನಾನಲ್ಲವೇ? ಪರೀಕ್ಷೆಯೆಲ್ಲ ಮುಗಿದು, ಯಾರಿಗೆ ಯಾವುದೆಂದು ಬಿಚ್ಚಿ ಹೇಳುವ ದಿನ ಬಂತು. ಡಾಕ್ಟರಮ್ಮ ಕಾಗದ ನೋಡಿ ನನಗೆ ಹೇಳಿದಳು: "ಅಮ್ಮಾ, ನಿಮಗ ಕೊಟ್ಟಿದ್ದು ಜೀವಿ ಇದ್ದ ಡಬ್ಬಿ. ಹುಲಿಗೆಮ್ಮಗ ಕೊಟ್ಟಿದ್ದು ಬರೇ ಹಿಟ್ಟು. ನಿಮ್ಮಿಬ್ಬರದೂ ಉಲ್ಟಾ ಬಂದೈತಿ, ನೋಡ್ರಿ. ಒಮ್ಮೊಮ್ಮೆ ಹಂಗೂ ಆಗತೈತಿ. ಇಬ್ಬರಿಂದ ಏನೂ ತಿಳಿಯಲ್ಲ, ಎಲ್ಲರದೂ ಕೂಡಿಸಿ ನೋಡಬೇಕು."

ಹೇಗೋ ಧೈರ್ಯ ಮಾಡಿ, ಆ ಜೀವಿಗಳಿಂದ ಮೊಸರು ಆಗುತ್ತದೆಯೇ ಎಂದು ಕೇಳಿದೆ. ಆಕೆ ನಕ್ಕಳು. "ಇಲ್ಲಮ್ಮ, ಇವು ಆ ಜಾತಿ ಅಲ್ಲ. ಗಾಳಿ ತಾಕಿದ್ರ ಸಾಯ್ತಾವ."

ಮನೆಗೆ ಬಂದು ಗಡಿಗೆಯ ಮುಂದೆ ನಿಂತೆ. ಅತ್ತೆ ದಿನಾ ಹೇಳುತ್ತಿದ್ದ ಮಾತು ಆಗ ಕಿವಿಗೆ ಬಿತ್ತು: "ಈ ಗಡಿಗಿಗೆ ಹೆಪ್ಪು ಬೇಕಿಲ್ಲ, ಹಾಲು ಕಂಡ್ರ ಸಾಕು." ಎಷ್ಟು ವರ್ಷದ ಮೊಸರು ಕುಡಿದ ಮಣ್ಣು ಅದು, ತೊಳೆದರೂ ಹುಳಿ ಹೋಗದು. ಹಾಲು ಹೆಪ್ಪಾದದ್ದು ನಿನ್ನ ಕ್ಯಾಪ್ಸೂಲಿನಿಂದಲ್ಲ, ಗಡಿಗೆಯಿಂದ. ಒಳ್ಳೆಯ ಡಬ್ಬಿಯನ್ನು ಕೈಯಾರೆ ನಿನಗೆ ಕೊಟ್ಟು, ನಿನ್ನ ಹಿಟ್ಟನ್ನು ಕದ್ದು ಮೂರು ತಿಂಗಳು ಭಕ್ತಿಯಿಂದ ನುಂಗಿದ್ದೆ. ಇಂಥ ದಡ್ಡ ಕಳ್ಳಿ ನಮ್ಮ ಸೀಮೆಯಲ್ಲಿ ಇನ್ನೊಬ್ಬಳು ಹುಟ್ಟಿರಲಿಕ್ಕಿಲ್ಲ. ಒಬ್ಬಳೇ ನಕ್ಕೆ, ಹುಲಿಗೆಮ್ಮಾ, ಸುಳ್ಳು ಹೇಳುವುದಿಲ್ಲ. ಹೇಗೂ ನಿನಗೆ ಒಳ್ಳೆಯದೇ ಆಯಿತಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಆದರೆ ನನ್ನ ಕೈ ಫ್ರಿಜ್ಜಿಗೆ ಹೋದದ್ದು ನಿನಗೆ ಒಳ್ಳೆಯದು ಮಾಡಲಿಕ್ಕಲ್ಲ.

ನೀನು ಮಾತ್ರ ಬಸ್ ಸ್ಟ್ಯಾಂಡಿನ ಉಗ್ಗಾಣಿ ಅಂಗಡಿಯಲ್ಲೇ ಸಾರಲು ಶುರು ಮಾಡಿದ್ದೆ: "ಬರೇ ಹಿಟ್ಟು ನುಂಗಿ ಶುಗರ್ ಇಳಿಸಿದ ಹೆಣ್ಮಗಳು ನಾನು. ಗಟ್ಟಿ ಜೀವ. ಇನ್ನೊಂದು ಪ್ಲೇಟ್ ಕೊಡಪ್ಪ, ಮಿರ್ಚಿ ಎರಡು ಇರಲಿ." ಎಲ್ಲರೂ ನಕ್ಕರು. ಅದು ನಗುವ ಮಾತಾಗಿಯೇ ಉಳಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೋ ಏನೋ — ಅಷ್ಟು ಹೇಡಿ ನಾನು.

ಹೋದ ವಾರ ಜೋಳ ಕಡ ಕೇಳಲು ನಿನ್ನ ಮನೆಗೆ ಬಂದಾಗ ಜೋಳದ ಡಬ್ಬದೊಳಗೆ ಶುಗರ್ ಗುಳಿಗೆಯ ಹಾಳೆಗಳು ಕಂಡವು. ಒಂದೂ ಒಡೆದಿರಲಿಲ್ಲ. ಇದ್ಯಾಕೆ ಹೀಗೆ ಎಂದರೆ ನೀನು ಜೋಳ ಅಳೆಯುತ್ತಲೇ ಅಂದೆ:

"ಹಿಟ್ಟಿಗೇ ಇಳಿದ ಶುಗರ್‌ಗೆ ಗುಳಿಗಿ ಯಾಕಕ್ಕಾ ದಂಡ?"

ಆಗ ನಿನ್ನ ಕಾಲು ನೋಡಿದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹತ್ತಿ ಬಿಡಿಸುವಾಗ ಚುಚ್ಚಿದ ಮುಳ್ಳಿನ ಗಾಯ, ಹದಿನೈದು ದಿನವಾದರೂ ಮಾಯ್ದಿಲ್ಲ ಎಂದೆ ನೀನು. ಅತ್ತೆಗೂ ಮೊದಲು — ಬೇಡ, ಬರೆಯುವುದಿಲ್ಲ.

ಅಂದೇ ಹೇಳಬೇಕಿತ್ತು. ಜೋಳ ತೆಗೆದುಕೊಂಡು ಮನೆಗೆ ಬಂದೆ.

ಹುಲಿಗೆಮ್ಮಾ, ನೀನು ನುಂಗಿದ್ದು ಹಿಟ್ಟಲ್ಲ. ಅದರಿಂದಲೇ ಇಳಿಯಿತೋ, ಆ ದಿನಗಳಲ್ಲಿ ಗುಳಿಗೆ ತಪ್ಪಿಸದೆ ನುಂಗಿದ್ದರಿಂದ ಇಳಿಯಿತೋ, ನನಗೆ ತಿಳಿಯದು. ತಿಳಿಯಬೇಕಾದ ಡಾಕ್ಟರಮ್ಮನ ಲೆಕ್ಕವನ್ನೂ ನಾನೇ ಕೆಡಿಸಿದ್ದೇನೆ. ನಿನ್ನ ಗಟ್ಟಿ ಜೀವದ ಹೆಮ್ಮೆಯನ್ನು ನಾನೇ ಕಟ್ಟಿ, ಈಗ ನಾನೇ ಕೆಡವುತ್ತಿದ್ದೇನೆ. ಬೈಯಿ. ಹೆಪ್ಪು ಕೇಳಲು ಇನ್ನು ಮೇಲೆ ಬೇರೆ ಮನೆಗೆ ಹೋಗುವೆಯಾದರೆ ಹೋಗು.

ನೀನು ಓದಿದ್ದು ತೆಲುಗು ಶಾಲೆಯಲ್ಲಿ, ಕನ್ನಡ ಓದಲು ನಿನಗೆ ಬರುವುದಿಲ್ಲ. ನನಗೆ ಈ ಕನ್ನಡ ಅಕ್ಷರ ಕಲಿಸಿದ್ದು ನನ್ನ ಅಜ್ಜ, ಕುರಿ ಕಾಯುತ್ತ, ಮರಳಿನ ಮೇಲೆ. ತೆಲುಗು ನನಗೂ ಬರೆಯಲು ಬರುತ್ತದೆ. ಆದರೆ ತೆಲುಗಿನಲ್ಲಿ ಬರೆದರೆ ನಿನ್ನ ಬಟ್ಟಲಿನ ಕೆಳಗಿಟ್ಟು ಹೊಲಕ್ಕೆ ಓಡಿಹೋಗುತ್ತೇನೆಂದು ನನ್ನ ಮೇಲೆ ನನಗೇ ಅನುಮಾನ. ಅದಕ್ಕೇ ಕನ್ನಡದಲ್ಲಿ ಬರೆದೆ. ನಾಳೆ ಮುಂಜಾನೆ ನೀನು ಬಂದಾಗ ಎದುರು ಕೂತು ನಾನೇ ಓದಬೇಕು, ಪ್ರತಿ ಸಾಲನ್ನೂ, ನನ್ನ ಬಾಯಿಂದಲೇ. ಆಮೇಲೆ ಮೊದಲ ಬಸ್ಸಿಗೆ ಇಬ್ಬರೂ ಆದೋನಿಗೆ ಹೋಗೋಣ. ನಿನ್ನ ಕಾಲು ತೋರಿಸಬೇಕು, ನನ್ನ ಚೀಟಿಯ ಕಥೆ ಹೇಳಬೇಕು.

ಪಡಸಾಲೆಯಲ್ಲಿ ನಿನಗೊಂದು ಚಾಪೆ ಹಾಸಿದ್ದೇನೆ. ಪಕ್ಕದಲ್ಲಿ ಒಂದು ಲೋಟ ನೀರು, ನಿನ್ನ ಗುಳಿಗೆ. ಮೊದಲು ಅದನ್ನು ನುಂಗು. ಓದುವುದು ಆಮೇಲೆ.