ಮುನಿಯಮ್ಮನ ಕೈ ನಾರುತ್ತಿರಲಿಲ್ಲ

ಮುನಿಯಮ್ಮ, ನಿನ್ನ ಕೈ ನಾರುತ್ತಿರಲಿಲ್ಲ. ನಾರುತ್ತಿದ್ದದ್ದು ನಮ್ಮ ಮನೆಯ ಯಂತ್ರದ ಕೊಳವೆ. ಅದು ನನಗೆ ಗೊತ್ತಿತ್ತು — ನಿನ್ನನ್ನು ಕೆಲಸ ಬಿಡಿಸುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಬಾಯಿ ತೆರೆದು ತಪ್ಪನ್ನು ನಿನ್ನ ಮೇಲೆ ಹಾಕಿದವಳೇ ನಾನು.

ಎಂಬತ್ತರ ದಶಕದ ಮಾತು. ಆರ್.ಟಿ. ನಗರದ ನಮ್ಮ ಮನೆಗೆ ನೀನು ಬಟ್ಟೆ ಒಗೆಯಲು ಕೆಂಪಾಪುರದಿಂದ ನಡೆದು ಬರುತ್ತಿದ್ದೆ. ಹಿತ್ತಲಿನ ಕಲ್ಲಿನವರೆಗೆ ಮಾತ್ರ ನಿನಗೆ ದಾರಿ; ಹೊಸಿಲು ದಾಟುವಂತಿರಲಿಲ್ಲ. ನನ್ನ ಅತ್ತೆಯ ಮಡಿ ಅಂಥದ್ದು. ನೀನು ಒಗೆದದ್ದನ್ನು ನಾನು ಇನ್ನೊಮ್ಮೆ ನಲ್ಲಿಯ ನೀರಿನಲ್ಲಿ ಜಾಲಿಸಿಯೇ ಒಳಗೆ ಒಯ್ಯಬೇಕು. ನೀನು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅದನ್ನು ದಿನಾ ನೋಡುತ್ತಿದ್ದೆ.

ಆ ವರ್ಷ ನನ್ನ ಮೈದುನ ಕೊಲ್ಲಿ ದೇಶದ ಕೆಲಸ ಮುಗಿಸಿ ಬರುವಾಗ ಬಟ್ಟೆ ಒಣಗಿಸುವ ಡ್ರೈಯರ್ ತಂದ. ಬೀದಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ ಹೋದರು. ಅದನ್ನು ಉಗ್ರಾಣದಲ್ಲಿ ಇಟ್ಟು, ಬೆನ್ನಿಗೊಂದು ದಪ್ಪ ಕೊಳವೆ ಸಿಕ್ಕಿಸಿ, ಗವಾಕ್ಷಿಯಿಂದ ಹೊರಗೆ ಬಿಟ್ಟ. ಬಟ್ಟೆಯಿಂದ ಉದುರುವ ಜುಂಗು ಒಳಗಿನ ಜಾಲರಿಯಲ್ಲಿ ನಿಲ್ಲುತ್ತದೆ, ಅದನ್ನು ಪ್ರತಿ ಸಲ ತೆಗೆಯಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಳವೆಯನ್ನೇ ಬಿಚ್ಚಿ ಉಜ್ಜಬೇಕು, ಇಲ್ಲವಾದರೆ ಹಬೆ ಹೊರಗೆ ಹೋಗದೆ ಒಳಗೇ ಕೊಳೆಯುತ್ತದೆ ಎಂದು ನನಗೆ ಎರಡೆರಡು ಸಲ ಹೇಳಿಕೊಟ್ಟ.

ಮೊದಲ ದಿನದ ಜುಂಗನ್ನು ನೋಡಿ ಅತ್ತೆ ಮೂಗು ಮುಚ್ಚಿಕೊಂಡರು. ಎಲ್ಲರ ತಲೆಗೂದಲು, ಎಲ್ಲರ ಮೈಯ ಹೊಟ್ಟು — ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ಅಡಿಗೆಮನೆಗೆ ಕಾಲಿಡಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಬೆಳಗಿನ ಚಳಿಯಲ್ಲಿ ಒಂದು ಸ್ನಾನವೇ ಸಾಕಾಗಿತ್ತು ನನಗೆ. ನಾನೊಂದು ಜಾಣತನ ಮಾಡಿದೆ. ಜಾಲರಿಯನ್ನೇ ಕಿತ್ತು ಡಬ್ಬಗಳ ಹಿಂದೆ ಇಟ್ಟೆ. ಜುಂಗು ತಾನಾಗಿ ಗವಾಕ್ಷಿಯಿಂದ ಹಾರಿ ಹೋಗಲಿ ಎಂದುಕೊಂಡೆ. ಥೂ, ಎಂಥ ಬುದ್ಧಿ!

ಆಷಾಢದ ಜಿಟಿಜಿಟಿ ಹಿಡಿಯಿತು. ಬಟ್ಟೆ ಯಂತ್ರದಿಂದ ಬೆಚ್ಚಗೆ, ಹಸಿಹಸಿಯಾಗಿ, ಒದ್ದೆ ಗೋಣಿಚೀಲದ ನಾತ ಹೊತ್ತು ಬರತೊಡಗಿತು. ನಮ್ಮ ಯಜಮಾನರ ಪಕ್ಕದ ಕುರ್ಚಿಯವರು ಆಫೀಸಿನಲ್ಲಿ ಜಾಗ ಬದಲಿಸಿದರಂತೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಕೊನೆಗೆ ಜಾಲಿಸುವವಳು ನಾನೇ ತಾನೆ?

ಅತ್ತೆ ಹರಿಕಥೆಗೆ ಹೋಗಿದ್ದ ಒಂದು ಮಧ್ಯಾಹ್ನ ಕೊಳವೆಯನ್ನು ಎಳೆದೆ. ತೋಳಿನ ಗಾತ್ರದ ಬೂದು ಮುದ್ದೆಯೊಂದು ಲೊಳಕ್ಕೆಂದು ನನ್ನ ಕಾಲ ಮೇಲೆ ಬಿತ್ತು. ಮೇಲೆಲ್ಲ ಹಸಿರು ಬೂಷ್ಟು, ನಡುವೆ ಸತ್ತು ಅಂಟಿಕೊಂಡ ಹಲ್ಲಿ. ಅತ್ತೆಯ ಬಿಳಿ ಕೂದಲು, ನನ್ನ ಉದ್ದ ಕೂದಲು, ಯಜಮಾನರ ಬನಿಯನ್ನಿನ ನೂಲು, ಮಗನ ಕರವಸ್ತ್ರದ ಸಿಂಬಳ — ಎಲ್ಲ ಸೇರಿ ಗಂಜಿ ಕಟ್ಟಿತ್ತು. ಮಡಿಯ ಮನೆಯ ಹೊಟ್ಟೆ ಬಗೆದಂತೆ ಇತ್ತು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ಅದರಲ್ಲಿ ನಿನ್ನದು, ಮುನಿಯಮ್ಮ, ಒಂದು ಎಳೆಯೂ ಇರಲಿಲ್ಲ.

ಆ ಮುದ್ದೆಯನ್ನು ಕೋಲಿನಿಂದ ಮತ್ತೆ ಒಳಗೇ ತುರುಕಿದೆ. ಹೌದು, ಒಳಗೇ. ಎಸೆಯಲು ಹೋದರೆ ಯಾರಾದರೂ ನೋಡುತ್ತಾರೆ, ಜಾಲರಿ ಕಿತ್ತದ್ದು ಹೊರಬೀಳುತ್ತದೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನೆಲ ತೊಳೆದು, ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ಕೂತೆ.

ಮರುದಿನ ಹಿತ್ತಲಿನಲ್ಲಿ, ನಿನ್ನ ಎದುರಿಗೇ, ಅತ್ತೆ ನನ್ನ ಮಗನ ಅಂಗಿಯೊಂದನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು ಇದೇನು ಎಂದು ನನ್ನನ್ನು ಕೇಳಿದರು.

"ನಾನೇನ್ ಮಾಡ್ಲಿ ಅತ್ತೆ, ಅವಳ ಕೈಯೇ ನಾತ," ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು. ನಾನು ಅಲ್ಲಾಡಲಿಲ್ಲ. ನೀನು ನಿನ್ನೆರಡು ಕೈಗಳನ್ನೂ ಎತ್ತಿ ಮೂಸಿ ನೋಡಿಕೊಂಡೆ — ಸೋಪಿಗೆ ಬಿರಿದ ಆ ಕೈಗಳನ್ನು, ನಮ್ಮೆದುರಿಗೇ.

"ಇದೇ ಕೈನಾಗೆ ಮಕ್ಳಿಗೆ ಮುದ್ದೆ ಕಟ್ಟಿ ಇಕ್ತೀನಿ ಕಣಮ್ಮಾ. ಅವ್ರು ಯಾವತ್ತೂ ಇಂಗಂದಿಲ್ಲ," ಎಂದೆ ನೀನು. ಆಮೇಲೆ ನನ್ನ ಕಡೆ ತಿರುಗಿದೆ. "ನೀವಾದ್ರೂ ಸರಿಯಾಗಿ ಒಂದ್ ಮಾತ್ ಯೋಳಿ."

ನಾನು ಬಕೆಟ್ಟು ನೋಡುತ್ತಾ ನಿಂತೆ.

ಅತ್ತೆ ನಿನ್ನನ್ನು ಅವತ್ತೇ ಕೆಲಸ ಬಿಡಿಸಿ ಕಳಿಸಿದ ಮೇಲೆ — ಇದನ್ನು ಬರೆಯಲು ನನಗೇ ಹೇಸಿಗೆಯಾಗುತ್ತದೆ — ಮೂರನೆಯ ದಿನ ಅತ್ತೆ ಮಲಗಿದ್ದಾಗ ಕೊಳವೆ ಬಿಚ್ಚಿದೆ. ಆ ಮುದ್ದೆಯನ್ನು ಕಾಗದದಲ್ಲಿ ಸುತ್ತಿ ಮೋರಿಯ ಆಚೆ ಎಸೆದೆ, ಕೊಳವೆಯನ್ನು ಬಿಸಿನೀರಿನಲ್ಲಿ ಉಜ್ಜಿದೆ, ಜಾಲರಿ ಹಾಕಿದೆ. ನಾತ ಹೋಯಿತು. ಅದೇ ನಿನಗೆ ಮುಳುವಾಯಿತು. ಅವಳು ಹೋದಳು, ನಾತವೂ ಹೋಯಿತು ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ತಿಂಗಳು ತುಂಬುವುದರೊಳಗೆ ಸಾಲಿನ ಉಳಿದ ಮನೆಗಳವರೂ ನಿನ್ನನ್ನು ಬಿಡಿಸಿದರು. ಅಷ್ಟು ಮನೆಗಳ ಅನ್ನ ನಿನಗೆ ತಪ್ಪಿಸಿದ ಸಾಕ್ಷಿ ನಾನು ಶುಚಿ ಮಾಡಿದ ಒಂದು ಕೊಳವೆ.

ಕೆಂಪಾಪುರ ಎಷ್ಟು ದೂರ? ನೀನು ದಿನಾ ನಡೆಯುತ್ತಿದ್ದ ದಾರಿ. ನಾನು ಒಂದು ದಿನವೂ ಬರಲಿಲ್ಲ.

ಅತ್ತೆ ಹೋದರು, ಯಂತ್ರ ಗುಜರಿಗೆ ಹೋಯಿತು. ನಿನ್ನ ಹೆಸರು ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಹಾಲು ಒಡೆದರೆ, ಚರಂಡಿ ಕಟ್ಟಿದರೆ, ಮಗ "ಮುನಿಯಮ್ಮ" ಎನ್ನುವುದು ರೂಢಿಯಾಯಿತು. ಹೋದ ವಾರ ಮೊಮ್ಮಗಳು ಚೀಲದಿಂದ ಒದ್ದೆ ಕಾಲುಚೀಲ ತೆಗೆದು, ಛೀ ಮುನಿಯಮ್ಮ, ಎಂದಳು. ಕೇಳಿದೆ: ಮುನಿಯಮ್ಮ ಅಂದರೆ ಯಾರು ಗೊತ್ತಾ? ಯಾರೂ ಅಲ್ಲ ಅಜ್ಜಿ, ಗಬ್ಬು ನಾತಕ್ಕೆ ಹಾಗಂತಾರೆ, ಎಂದಳು. ಅವಳಿಗೆ ನೀನು ಒಬ್ಬ ಹೆಂಗಸು ಎನ್ನುವುದೇ ಗೊತ್ತಿಲ್ಲ.

ಆ ದಿನ ಊಟಕ್ಕೆ ಕೂತಾಗ ಎಲ್ಲರ ಮುಂದೆ ಎಲ್ಲವನ್ನೂ ಹೇಳಿದೆ, ಹಲ್ಲಿಯನ್ನೂ ಬಿಡದೆ. ಸೊಸೆ ತಟ್ಟೆ ಸರಿಸಿ ಎದ್ದಳು. ಮಗ ತಲೆ ಎತ್ತಲಿಲ್ಲ. ಆಗಿದ್ದು ಆಯಿತು, ಈಗ ಯಾಕಮ್ಮ, ಎಂದ. ಮೊಮ್ಮಗಳು ಮಾತ್ರ ಕೇಳಿದಳು: "ಹಾಗಾದ್ರೆ ನಾತ ಬಂದ್ರೆ ಇನ್ಮೇಲೆ ಏನನ್ಬೇಕು ಅಜ್ಜಿ?"

"ಸರೋಜ ಅನ್ನು," ಎಂದೆ. ಅದು ನನ್ನ ಹೆಸರು.