ಎಡಗೈಯ ರೊಟ್ಟಿ

ಮೊನ್ನೆ ಶಾಲೆ ಬಿಟ್ಟು ಬಂದ ಮೊಮ್ಮಗಳು ಗೌರಿಯ ಎಡ ಮಣಿಕಟ್ಟಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಆಟದಲ್ಲಿ ಕಟ್ಟಿಕೊಂಡಿರಬೇಕು ಎಂದು ಬಿಚ್ಚಲು ಹೋದೆ. ಗಂಟು ಬಿಗಿಯಾಗಿತ್ತು, ಹಲ್ಲು ಹಚ್ಚಿ ಬಿಡಿಸಬೇಕಾಯಿತು. ಜಡೆಯಲ್ಲಿದ್ದು ಬಂದ ರಿಬ್ಬನ್ನು, ಕೊಬ್ಬರಿ ಎಣ್ಣೆ ನಾರುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರೋಣದ ಈ ಮನೆ ಬಿಟ್ಟು ಅಬ್ಬಿಗೇರಿಯ ತವರುಮನೆಯ ಪಡಸಾಲೆಯಲ್ಲಿ ಕೂತುಬಿಟ್ಟಿದ್ದೆ.

ನನ್ನ ಅವ್ವನೂ ಹೀಗೇ ಕಟ್ಟುತ್ತಿದ್ದಳು. ಹಳೆಯ ಸೀರೆಯ ಅಂಚು ಹರಿದು ನನ್ನ ಎಡಗೈಗೆ ಸುತ್ತಿ, ಲಂಗದ ಲಾಡಿಗೆ ಗಂಟು ಹಾಕುತ್ತಿದ್ದಳು. ಉಣ್ಣುವಾಗ, ಬರೆಯುವಾಗ ಆ ಕೈ ಮುಂದೆ ಬರಬಾರದು. ಆದರೆ ಕಟ್ಟುವ ಮುಂಚೆ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು, ಚರ್ಮ ಸುಲಿಯದಿರಲಿ ಎಂದು. ದೇವರು ಕೊಟ್ಟ ಸಣ್ಣಸಣ್ಣ ಕರುಣೆಗಳನ್ನು ನೆನೆಯುವಾಗ ಆ ಎಣ್ಣೆಯನ್ನೂ ನಾನು ಬಿಡುವುದಿಲ್ಲ.

ಹೌದು, ನಾನು ಎಡಚಿ. ನನ್ನ ರಂಗೋಲಿಯ ಎಳೆ ಬಲದಿಂದ ಎಡಕ್ಕೆ ಬರುತ್ತದೆ. ಕತ್ತರಿ ಇವತ್ತಿಗೂ ನನ್ನ ಮಾತು ಕೇಳಿಲ್ಲ. ಆರತಿ, ಪ್ರಸಾದ ಮಾತ್ರ ಬಲಗೈಯಿಂದ. ಅಷ್ಟು ದೇವರೊಂದಿಗೆ ಒಪ್ಪಂದ ಮಾಡಿಕೊಂಡಿದ್ದೇನೆ. ಉಳಿದದ್ದಕ್ಕೆ ಅವನು ಕೊಟ್ಟ ಕೈಯನ್ನೇ ಅವನ ಮುಂದೆ ಮುಚ್ಚಿಡುವುದು ಹೇಗೆ, ನೀವೇ ಹೇಳಿ.

ರಿಬ್ಬನ್ ಕಟ್ಟಿದವಳು ಸೊಸೆ ಗಿರಿಜಾ. ಬಲಗೈ ರೂಢಿ ಮಾಡಿಸಿ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರಂತೆ. ಅವಳದೂ ಕೆಟ್ಟ ಮನಸ್ಸಲ್ಲ. "ನಾಳೆ ಕೊಟ್ಟ ಮನ್ಯಾಗ ಈಕಿನ್ನ ನೋಡಿ ಮಂದಿ ನಗಬಾರದ್ರಿ ಅತ್ತಿ," ಎಂದಳು. ಗೌರಿ ಮಾತ್ರ ಬಿಚ್ಚಿದ ಕೈಯನ್ನು ತಿರುತಿರುಗಿಸಿ ನೋಡಿಕೊಂಡು ಕೇಳಿದಳು:

"ಅಜ್ಜಿ, ಈ ಕೈ ಏನ್ ತಪ್ಪ ಮಾಡೇತಿ?"

ಅವ್ವನಿಗೆ ನಾನು ಕೇಳದೆ ಉಳಿದ ಮಾತು ಅದು. ಉತ್ತರ ಸಿಕ್ಕದ್ದು ಮದುವೆಯಾಗಿ ಬಂದ ವರ್ಷದ ಶ್ರಾವಣದಲ್ಲಿ.

ನಮ್ಮ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತದೆ. ಮುಗಿಯುವ ದಿನ ದಾಸೋಹ. ಅಂದು ಓಣಿಯ ಹೆಂಗಸರೆಲ್ಲ ಮಠದ ಹಿಂದಿನ ಉದ್ದನೆಯ ಒಲೆಯ ಮುಂದೆ ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯಬೇಕು. ಹೊಸ ಸೊಸೆಯ ರೊಟ್ಟಿ ಮಠದ ಬುಟ್ಟಿಗೆ ಬಿತ್ತೆಂದರೆ ಅವಳು ಓಣಿಯವಳಾದಂತೆ. ಬೀಳದಿದ್ದರೆ ನೀರು ತುಂಬುವಲ್ಲಿ, ಕಾಯಿಪಲ್ಲೆ ಕೊಳ್ಳುವಲ್ಲಿ ಅದೇ ಮಾತು. ನಾನೋ, ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು, ಯಾರೂ ಕಾಣದಂತೆ ಎಡಗೈಯಿಂದ ಬಡಿದು ಮುಗಿಸಿಬಿಡುತ್ತಿದ್ದೆ. ಮಠದಲ್ಲಿ ಮುಚ್ಚಿಡುವುದೆಲ್ಲಿ?

ಸಾಲಿನ ನಡುವೆ ಕೂರಿಸಿದರು. ಸ್ವಾಮಿಯನ್ನು ನೆನೆದು ಬಲಗೈ ಹಚ್ಚಿದೆ. ರೊಟ್ಟಿ ಅಂಚಿಗೆಲ್ಲ ಒಡೆದು, ಬೇಸಿಗೆಯ ಎರೆಹೊಲದಂತೆ ಬಾಯಿ ಬಿಟ್ಟಿತು. ಇನ್ನೊಂದು ಬಡಿದೆ, ಅದೂ ಹಾಗೇ. ಓಣಿಗೆ ಹಿರಿಯಳಾದ ಪಾರ್ವತೆವ್ವ ಬುಟ್ಟಿಯ ಹತ್ತಿರ ಕೂತು, ನನ್ನವನ್ನು ಏನೂ ಅನ್ನದೆ ಬೇರೆ ಇಡುತ್ತಿದ್ದಳು. ಅಂದಿದ್ದರಾದರೂ ವಾಸಿಯಿತ್ತು. ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆಯಿತ್ತು ಸದ್ಯ, ಅದೂ ಒಂದು ಕರುಣೆಯೇ.

ಹಿಟ್ಟು ನಾದುತ್ತಿದ್ದ ನನ್ನ ಅತ್ತೆ ಗಂಗವ್ವ ಎದ್ದು ಬಂದಳು. ಮೆಚ್ಚುಗೆಯ ಮಾತು ಆಡಿ ಗೊತ್ತಿಲ್ಲದ ಹೆಂಗಸು. ಈಗ ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದೆ.

"ಮನ್ಯಾಗ ಬಡಿತೀಯಲ್ಲ, ಹಂಗ ಬಡಿ," ಎಂದಳು. "ನಸುಕಿನ್ಯಾಗ ಮಲಕೊಂಡಲ್ಲೇ ನಿನ್ನ ಬಡಿತದ ಸಪ್ಪಳಾ ಕೇಳತಿರತೇನಿ. ಆ ಕೈಲೆ ಬಡಿ."

ಎಡಗೈ ಹಚ್ಚಿದೆ. ಹಿಟ್ಟು ನನ್ನನ್ನು ಗುರುತು ಹಿಡಿದಂತೆ ಹಿಗ್ಗಿತು. ಪಾರ್ವತೆವ್ವನ ಕೈ ಬುಟ್ಟಿಯ ಮೇಲೆಯೇ ನಿಂತಿತು.

"ಗಂಗವ್ವಾ, ಎಡಗೈಲೆ ಬಡದ ರೊಟ್ಟಿ ಮಠದ ಪಂಕ್ತಿಗೆ ಹ್ಯಾಂಗ ಹಾಕೂದು?"

"ಯಕ್ಕಾ, ಮುಂಜಾನಿ ಪೂಜಿ ಮಾಡುವಾಗ ಇಷ್ಟಲಿಂಗಾ ಯಾವ ಅಂಗೈಯಾಗ ಇಟಗೊಂತಿ?"

ಪಾರ್ವತೆವ್ವ ತನ್ನ ಎಡ ಅಂಗೈ ಬಿಡಿಸಿ, ಹಿಟ್ಟು ಮೆತ್ತಿದ್ದನ್ನು ಒರೆಸಿ, ಮೊದಲ ಸಲ ಕಂಡವಳಂತೆ ನೋಡಿದಳು. ಆಮೇಲೆ ನನ್ನ ರೊಟ್ಟಿಯನ್ನು ಹಂಚಿನಿಂದ ತಾನೇ ಎತ್ತಿ ಬುಟ್ಟಿಗೆ ಹಾಕಿದಳು.

ಕತೆ ಇಲ್ಲಿಗೇ ಮುಗಿದಿದ್ದರೆ ಪುರಾಣದಂತಿರುತ್ತಿತ್ತು. ಆದರೆ ಉಮೇದಿಯಲ್ಲಿ ನಾನು ಜೋರಾಗಿ ಬಡಿಯಹತ್ತಿದೆ. ನನ್ನ ಎಡಮೊಣಕೈ ಪಕ್ಕದ ನೀಲವ್ವನ ಬಲಮೊಣಕೈಗೆ ತಾಗಿ, ಅವಳ ರೊಟ್ಟಿ ಹರಿಯಿತು. "ಯವ್ವಾ, ಕೈ ಲಿಂಗಾ ಹಿಡಿಯೂದು ಖರೇ, ಮೊಣಕೈ ಮಾತ್ರ ಗೂಳಿದು ನೋಡು," ಎಂದಳು ನೀಲವ್ವ. ಸಾಲೆಲ್ಲ ನಕ್ಕಿತು, ಪಾರ್ವತೆವ್ವನೂ. ನಾನು ಮತ್ತೆ ಬಲಗೈಗೆ ಬದಲಾಯಿಸಹೋದೆ. ಅತ್ತೆ ತಡೆದಳು.

"ಕೈ ಬದಲ ಮಾಡಬ್ಯಾಡ. ಜಾಗಾ ಬದಲ ಮಾಡು."

ನನ್ನನ್ನು ಎಬ್ಬಿಸಿ ಸಾಲಿನ ಎಡತುದಿಗೆ ಕೂರಿಸಿದಳು. ಅಲ್ಲಿ ನನ್ನ ಮೊಣಕೈಗೆ ಗೋಡೆಯವರೆಗೂ ಬಯಲು. ಮುಂದಿನ ಶ್ರಾವಣಗಳಲ್ಲಿ ಆ ತುದಿ ನನ್ನದೇ ಆಯಿತು. ನಾನು ಹೋಗುವುದು ತಡವಾದರೂ ಯಾರೂ ಕೂರುವುದಿಲ್ಲ. ಬುಟ್ಟಿ ತುಂಬಿದ ಮೇಲೆ ಯಾವ ರೊಟ್ಟಿ ಯಾವ ಕೈಯದು ಎಂದು ಗುರುತು ಸಿಗುವುದಿಲ್ಲ. ನನಗೆ ಅದೇ ಸಮಾಧಾನ. ಅಷ್ಟು ಮಂದಿಯಲ್ಲಿ ಒಬ್ಬಳಾಗಲು ನಾನು ನಾನಾಗಿಯೇ ಕೂತರೆ ಸಾಕಾಯಿತು. ಹಾಗೆಂದು ಅತ್ತೆಯನ್ನು ದೇವತೆ ಮಾಡಲಾರೆ. ಅದೇ ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈದಳು, ಸರಿಯಾಗಿಯೇ ಬೈದಳು.

ಗಿರಿಜಾಗೆ ಇದನ್ನೆಲ್ಲ ಹೇಳಿದೆ. ಅವಳು ಬಿಚ್ಚಿದ ರಿಬ್ಬನ್ನನ್ನು ಸುತ್ತಿ ಒಳಗೆ ಒಯ್ದಳು. ಮರುದಿನ ನಾನು ಪೂಜೆ ಮುಗಿಸಿ, ವಿಭೂತಿ ಹಚ್ಚಿ, ಗೌರಿಯ ಎಡಗೈ ಹಿಡಿದು ಶಾಲೆಗೆ ಹೊರಟೆ. ಮೊಣಕಾಲು ಅಂದು ನೋಯಲಿಲ್ಲ, ದೇವರು ದೊಡ್ಡವನು.

ಟೀಚರು ಚಿಕ್ಕ ವಯಸ್ಸಿನವಳು, ನರಗುಂದದ ಕಡೆಯವಳಂತೆ. ಕುರ್ಚಿ ಕೊಟ್ಟಳು. ನಾನು ಕೂರಲಿಲ್ಲ, ಕೂತರೆ ಮಾತು ಮೆತ್ತಗಾಗುತ್ತದೆ. ಕೈ ಯಾಕೆ ಬದಲಿಸಬೇಕು ಎಂದು ಕೇಳಿದೆ.

"ಬರಿಯುವಾಗ ಬಾಜೂದ ಹುಡುಗಿಗೆ ಮೊಣಕೈ ಬಡಿತೈತ್ರಿ ಅಮ್ಮಾ. ಅದಕ್ಕ ಹೇಳಿ ಕಳಿಸಿದ್ನಿ."

ಇಷ್ಟೇ! ನಗು ಬಂತು, ತಡೆದುಕೊಂಡೆ.

"ಅಕ್ಕೋರ, ಕೈ ಇರಲಿ ಬಿಡ್ರಿ. ಜಾಗಾ ಬದಲ ಮಾಡ್ರಿ. ಬೆಂಚಿನ ಎಡತುದಿಗೆ ಕುಂದರಸ್ರಿ."

ಅವಳು ಬೆಂಚಿನ ಕಡೆ ನೋಡಿದಳು, ಗೌರಿಯ ಕಡೆ ನೋಡಿದಳು. ಆಮೇಲೆ ನೋಡೋಣ ಎಂದಳು. ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಗೌರಿ ಚೀಲ ಎತ್ತಿಕೊಂಡು ಎಡತುದಿಗೆ ಸರಿದು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಮೊಣಕೈಯನ್ನು ಹೊರಗೆ ಚಾಚಿ ಬರೆಯತೊಡಗಿದ ಮೇಲೆಯೇ ಮನೆಗೆ ಬಂದೆ.

ಇಂದು ಮುಂಜಾನೆ ಆ ರಿಬ್ಬನ್ನನ್ನು ಗಿರಿಜಾ ತಾನೇ ತಂದು ಮಗಳ ಜಡೆಗೆ ಕಟ್ಟಿದಳು. ಶಾಲೆಯಿಂದ ಬಂದ ಗೌರಿ ಚೂರು ಹಿಟ್ಟು ಬೇಡಿ, ಒಲೆಯ ಮುಂದೆ ನನ್ನ ಎಡಕ್ಕೆ ಅಂಟಿಕೊಂಡೇ ಕೂತು, ತಟ್ಟೆಯ ಮೇಲೆ ಎಡಗೈಯಿಂದ ಪುಟ್ಟ ರೊಟ್ಟಿ ಬಡಿಯಹತ್ತಿದಳು. ನಾನೂ ಎಡಗೈಯಿಂದಲೇ ಬಡಿಯುತ್ತಿದ್ದೆ. ಮಠದ ಆ ಮೊದಲ ದಿನದ ನಂತರ ನಾನು ತುದಿಯಲ್ಲಲ್ಲದೆ ಇನ್ನೊಬ್ಬರ ಬಲಕ್ಕೆ ಕೂತು ರೊಟ್ಟಿ ಬಡಿದದ್ದು ಇದೇ ಮೊದಲು. ಮೊಣಕೈ ಒಂದಕ್ಕೊಂದು ತಾಗಲಿಲ್ಲ.