ಮುಖ ನೋಡುವ ಹೊತ್ತು

ನಾನು ಐಸ್ ಬಾಕ್ಸ್ ಬಾಡಿಗೆಗೆ ಕೊಡುವವನು. ಸತ್ತವರನ್ನು ಮಣ್ಣು ಮಾಡುವವರೆಗೆ ಕೆಡದಂತೆ ಇಡುವ ಉದ್ದನೆಯ ಪೆಟ್ಟಿಗೆ ಅದು. ಮುಖ ಕಾಣಲೆಂದು ಮೇಲೆ ಗಾಜಿನ ಮುಚ್ಚಳ ಇರುತ್ತದೆ. ಹಾಸನದಲ್ಲಿ ನನ್ನದೊಂದು ಮಳಿಗೆ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಯಾರ ಮನೆಯಲ್ಲಿ ಸಾವಾದರೂ ಮೊದಲ ಫೋನು ನನಗೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಇಷ್ಟು ಬೆಳೆದನಲ್ಲ ಎಂದು ನೆಂಟರು ಮದುವೆ ಮನೆಗಳಲ್ಲಿ ಹೊಗಳುತ್ತಾರೆ. ಅವರು ಹೊಗಳುತ್ತಿದ್ದರೆ ನನ್ನ ಬಾಯಲ್ಲಿ ಹುಳಿ ನೀರು ಊರುತ್ತದೆ, ವಾಂತಿಗೆ ಮುಂಚೆ ಊರುವಂಥದ್ದು.

ಶುರುವಿನಲ್ಲಿ ಹೇಸಿಗೆಯಾಗುತ್ತಿದ್ದುದು ಪೆಟ್ಟಿಗೆಯನ್ನು ತೊಳೆಯುವುದಕ್ಕೆ. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಕೊಳೆತ ಸೇವಂತಿಗೆ ಎಸಳು, ಕುಂಕುಮದ ರಾಡಿ, ಒಂದೊಂದು ಸಲ ನರೆತ ಕೂದಲು ಅಂಟಿಕೊಂಡಿರುತ್ತಿತ್ತು. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚರಂಡಿಗೆ ಸುರಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ಎಷ್ಟು ಫಿನಾಯಿಲ್ ಹಾಕಿ ಉಜ್ಜಿದರೂ ಊಟಕ್ಕೆ ಕೂತಾಗ ಬೆರಳಿನಿಂದ ಆ ವಾಸನೆ ಬರುತ್ತಿತ್ತು.

ಆಗ ನನ್ನ ಜೊತೆ ಇದ್ದವರು ಭಾವ, ನನ್ನ ಅಕ್ಕನ ಗಂಡ. ಹೊಳೆನರಸೀಪುರದ ರಸ್ತೆಯಲ್ಲಿ ಒಳಗೆ ಹೋದರೆ ಅವರ ಊರು. ತೆಂಗಿನಕಾಯಿ, ಸಿಮೆಂಟು ಸಾಗಿಸುವ ಲಗೇಜ್ ಆಟೋ ಇತ್ತು ಅವರಿಗೆ. ನನ್ನ ಮೊದಲ ಪೆಟ್ಟಿಗೆ ಮನೆಮನೆಗೆ ಹೋಗಿದ್ದು ಅದರಲ್ಲೇ. ಅವರಿಗೆ ಹೇಸಿಗೆ ಎನ್ನುವುದೇ ಇರಲಿಲ್ಲ. ಪಂಚೆ ಮೇಲಕ್ಕೆ ಕಟ್ಟಿ ನನಗಿಂತ ಮೊದಲು ಅವರೇ ಉಜ್ಜಲು ಕೂರುತ್ತಿದ್ದರು. ಸಾವಿನ ಮನೆಯಲ್ಲಿ ಪೆಟ್ಟಿಗೆ ಇಳಿಸಿ, ವೈರು ಸಿಕ್ಕಿಸಿ, ಕೂಡಲೇ ಹೊರಡುವ ಮನುಷ್ಯನಲ್ಲ. ಜಗಲಿಯ ಮೇಲೆ ಕೂತು, ಸತ್ತವರು ಏನು ಮಾಡಿಕೊಂಡಿದ್ದರು, ಮಕ್ಕಳೆಷ್ಟು, ಕಾಯಿಲೆ ಏನು ಎಂದೆಲ್ಲ ಕೇಳುವವರು. ದಾರಿಯಲ್ಲಿ ನಾನು ಗೊಣಗಿದರೆ, "ಇಳ್ಸಿ ಓಡೋಕೆ ಇದೇನು ಗೊಬ್ಬರದ ಮೂಟೆ ಏನ್ಲಾ?" ಎನ್ನುತ್ತಿದ್ದರು. ನನಗೆ ಅದು ಬರಿಯ ಹೊತ್ತು ಹಾಳಾಗಿ ಕಾಣುತ್ತಿತ್ತು. ಎರಡನೆಯ ಪೆಟ್ಟಿಗೆ ಬಂದ ಮೇಲೆ ಸ್ವಂತ ಗಾಡಿ ತೆಗೆದುಕೊಂಡೆ, ಸಂಬಳಕ್ಕೆ ಒಬ್ಬ ಡ್ರೈವರನ್ನು ಇಟ್ಟೆ. ಭಾವನನ್ನು ಕರೆಯುವುದು ನಿಂತುಹೋಯಿತು.

ಆ ದಿನಗಳಲ್ಲೇ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಸಣ್ಣ ವ್ಯಾಪಾರದವರಿಗೆಂದು ಒಂದು ದಿನದ ತರಬೇತಿ ಇತ್ತು. ಎಸಿ ರಿಪೇರಿಯವರು, ಬ್ಯೂಟಿ ಪಾರ್ಲರಿನವರು, ಶಾಮಿಯಾನದವರು ಬಂದಿದ್ದರು. ಮೈಕು ಹಿಡಿದ ಮನುಷ್ಯ ಟೈ ಕಟ್ಟಿಕೊಂಡು ಅತ್ತಿಂದಿತ್ತ ಓಡಾಡುತ್ತ, ನಿಮ್ಮ ಸಾಮಾನು ಎಲ್ಲಿ ಸುಮ್ಮನೆ ಕೂತಿದೆ ಎಂದು ನೋಡಿ, ಅಲ್ಲೇ ನಿಮ್ಮ ವ್ಯಾಪಾರ ಸೋರುತ್ತಿದೆ ಎಂದ. ನನಗೆ ಕಣ್ಣು ಬಿಟ್ಟ ಹಾಗಾಯಿತು. ನನ್ನ ಪೆಟ್ಟಿಗೆಗಳು ಸುಮ್ಮನೆ ಕೂರುತ್ತಿದ್ದುದು ಸಾವಿನ ಮನೆಗಳಲ್ಲಿ, ಯಾರೋ ಬಂದು ಮುಖ ನೋಡಲೆಂದು. ನಮ್ಮ ಕಡೆ ಮುಖ ನೋಡಬೇಕಾದವರು ಬರುವ ತನಕ ಮಣ್ಣು ಮಾಡುವುದಿಲ್ಲ. ದೂರದ ಮಗಳು, ತವರಿನ ತಮ್ಮ, ಮಾತು ಬಿಟ್ಟಿದ್ದ ದಾಯಾದಿಯೂ ಬರಬೇಕು. ಒಂದೇ ಬಾಡಿಗೆ, ಪೆಟ್ಟಿಗೆ ಮಾತ್ರ ಒಂದೂವರೆ ದಿನ ಅಲ್ಲೇ. ಅಷ್ಟರಲ್ಲಿ ಬೇರೆ ಊರಿಂದ ಫೋನು ಬಂದರೆ ಇಲ್ಲ ಎನ್ನಬೇಕು, ಆ ಗಿರಾಕಿ ಇನ್ನೊಬ್ಬನ ಪಾಲು.

ಮೊದಮೊದಲು ಬಾಯಿ ಮಾತಿನಲ್ಲಿ ಅವಸರಪಡಿಸುತ್ತಿದ್ದೆ. ಕೊರವಂಗಲದ ಒಂದು ಮನೆಯಲ್ಲಿ ಹಾಗೆ ಕೇಳಿದ್ದಕ್ಕೆ ಮುದುಕರೊಬ್ಬರು, "ಎಣದೋರಿಗೆ ಇಲ್ದ ಅವಸರ ನಿಂಗೇನಪ್ಪ? ನೀನೇನ್ ಅದ್ರೊಳಗೆ ಮನಿಕಬೇಕಾ?" ಎಂದುಬಿಟ್ಟರು. ನೆರೆದವರು ಸೆರಗು, ಟವೆಲು ಬಾಯಿಗೆ ಇಟ್ಟುಕೊಂಡು ನಕ್ಕರು.

ಉಪಾಯ ತಾನಾಗಿ ಸಿಕ್ಕಿತು. ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಕರೆಂಟು ಹೋಗಿ ಪೆಟ್ಟಿಗೆ ಆರಿಹೋಗಿತ್ತು. ಸ್ವಲ್ಪ ಹೊತ್ತಿಗೆ ಗಾಜಿನ ಒಳಗೆ ಮಂಜು ಕಟ್ಟಿ, ನೀರು ಇಳಿದು, ಮುಖ ಕಾಣದಂತಾಯಿತು. ಸಂಜೆಗೆ ಎಂದಿದ್ದ ಮಣ್ಣು ಮಧ್ಯಾಹ್ನಕ್ಕೇ ಮುಗಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ಇನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಹಿರಿಯರೇ ಎದ್ದರು. ನಾನು ಅದೇ ದಿನ ದುದ್ದದಲ್ಲಿ ಇನ್ನೊಂದು ಬಾಡಿಗೆ ಹಿಡಿದೆ.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಪೆಟ್ಟಿಗೆಯ ಕಾಲಿನ ಕಡೆ, ಕೆಳಗೆ, ತಂಪು ಹೆಚ್ಚುಕಡಿಮೆ ಮಾಡುವ ಒಂದು ಗುಂಡಿ ಇರುತ್ತದೆ. ಸ್ಟೆಬಿಲೈಜರ್ ನೋಡುವವನ ಹಾಗೆ ಬಗ್ಗಿ ಅದನ್ನು ತಿರುಗಿಸಿಬಿಟ್ಟರೆ ಮೋಟಾರು ಓಡುವುದು ನಿಲ್ಲುತ್ತದೆ, ಮೇಲಿನ ದೀಪ ಮಾತ್ರ ಉರಿಯುತ್ತಿರುತ್ತದೆ. ಬಂದವರು ಪದೇ ಪದೇ ಮುಚ್ಚಳ ಎತ್ತುತ್ತಲೇ ಇರುತ್ತಾರೆ. ಬೇಸಿಗೆಯಾದರೆ ಎರಡು ಗಂಟೆ ಸಾಕು. ಗಾಜು ಬೆವರುತ್ತದೆ. ಇನ್ನೂ ಸ್ವಲ್ಪ ಬಿಟ್ಟರೆ ಊದುಬತ್ತಿಯ ಹೊಗೆಯನ್ನು ದಾಟಿ ವಾಸನೆ ಮೂಗಿಗೆ ಬರುತ್ತದೆ. ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಸತ್ತವರ ಬಗ್ಗೆ ಆ ಮಾತು ಆಡಲು ಯಾರಿಗೂ ಬಾಯಿ ಬರುವುದಿಲ್ಲ, ಆದರೆ ಚಟ್ಟ ಕಟ್ಟುವ ಕೈಗಳು ಚುರುಕಾಗುತ್ತವೆ. ಆ ನಾಚಿಕೆಯೇ ನನ್ನ ಬಂಡವಾಳವಾಗಿತ್ತು. ನನ್ನ ಡ್ರೈವರ್ ಇದನ್ನು ಮೊದಲ ಸಲ ಕಂಡಾಗ, "ನಿಮ್ ಟೈಮಿಂಗ್ ನೋಡುದ್ರೆ ಯಮನೂ ಕೆಲ್ಸ ಬುಟ್ಟೋಗ್ತಾನೆ ಸಾ" ಎಂದು ನಕ್ಕಿದ್ದ. ನಾನೂ ನಕ್ಕೆ. ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಉಗುಳಿಕೊಳ್ಳಬೇಕು ಅನ್ನಿಸುತ್ತದೆ. ವ್ಯಾಪಾರವೇನೋ ಬೆಳೆಯಿತು. 'ಸಮಯಕ್ಕೆ ಸರಿಯಾದ ಸೇವೆ' ಎಂದು ಮಳಿಗೆಯ ಮುಂದೆ ಬೋರ್ಡು ಬರೆಸಿದೆ.

ಭಾವ ಸತ್ತದ್ದು ಬೇಸಿಗೆಯ ಶುರುವಿನಲ್ಲಿ. ಹೊಲದಿಂದ ಬಂದು ನೀರು ಕೇಳಿದವರು ಲೋಟ ಹಿಡಿಯುವುದರೊಳಗೆ ಕುಸಿದರಂತೆ. ಸಂಜೆಗೆ ನಾನೇ ಪೆಟ್ಟಿಗೆ ತೆಗೆದುಕೊಂಡು ಹೋಗಿ, ನಾನೇ ಅವರನ್ನು ಎತ್ತಿ ಮಲಗಿಸಿದೆ. ಒಬ್ಬಳೇ ಮಗಳು ಹುಬ್ಬಳ್ಳಿಯಲ್ಲಿದ್ದಳು, ಕೈಗೂಸಿನ ತಾಯಿ. ರೈಲಿನಲ್ಲಿ ಅರಸೀಕೆರೆಗೆ ಇಳಿದು, ಅಲ್ಲಿಂದ ಹಾಸನ ದಾಟಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಬರುವುದು ಎಂದಾಯಿತು. ಅವಳು ಬಂದ ಮೇಲೆಯೇ ಮಣ್ಣು ಎಂದು ಎಲ್ಲರೂ ಒಪ್ಪಿದರು. ಅಪ್ಪ ಮಗಳು ಎಂದರೆ ಆ ಮನೆಯಲ್ಲಿ ಬೇರೆಯದೇ ಲೆಕ್ಕ. ಬಾಣಂತನಕ್ಕೆ ಬಂದವಳು ಹೊರಟಾಗ ಅರಸೀಕೆರೆಯ ತನಕ ಹೋಗಿ ರೈಲು ಕಣ್ಮರೆಯಾಗುವವರೆಗೂ ನಿಂತು ಬಂದಿದ್ದರು ಭಾವ.

ಮರುದಿನ ಬೆಳಿಗ್ಗೆ ಫೋನು ಬಂತು. ಅರಕಲಗೂಡಿನಲ್ಲಿ ದೊಡ್ಡ ಮನೆತನದ ಹಿರಿಯರೊಬ್ಬರು ತೀರಿಕೊಂಡಿದ್ದರು. ಆ ಮನೆಗೆ ಪೆಟ್ಟಿಗೆ ಹೋದರೆ ಆ ಸುತ್ತಿನ ಹಳ್ಳಿಗಳೆಲ್ಲ ನನ್ನವೇ ಎಂದು ಬಹಳ ದಿನದಿಂದ ಕಾದಿದ್ದೆ. ಇನ್ನೊಂದು ಪೆಟ್ಟಿಗೆ ದಂಡಿಗನಹಳ್ಳಿಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿ ನೆಂಟರು ಸುತ್ತ ಕೂತು ಕಾಯುತ್ತಿದ್ದರು, ಗುಂಡಿಗೆ ಕೈ ಹಾಕುವ ಹಾಗಿರಲಿಲ್ಲ. ಅಕ್ಕನ ಮನೆಯಲ್ಲಿ ನನ್ನ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ. ಮನೆಯ ಮಗನಂತೆ ಅಡುಗೆಮನೆಗೂ ಹೋಗುತ್ತಿದ್ದೆ, ಪೆಟ್ಟಿಗೆಯ ಹತ್ತಿರವೂ ಹೋಗುತ್ತಿದ್ದೆ.

ಹನ್ನೆರಡರೊಳಗೆ ತಲುಪಿಸುತ್ತೇನೆ ಎಂದು ಫೋನಿನಲ್ಲಿ ಹೇಳಿ, ಒಳಗೆ ಬಂದು, ಭಾವನ ಕಾಲಿನ ಕಡೆ ಬಗ್ಗಿ ಗುಂಡಿ ತಿರುಗಿಸಿದೆ.

ಒಂದೊಂದು ಸಲ ಮನಸ್ಸು ಆ ಗಳಿಗೆಗೆ ಏನಾದರೂ ನೆಪ ಹುಡುಕುತ್ತದೆ. ನೆಪ ಸಿಕ್ಕುವುದಿಲ್ಲ. ಎದ್ದು ಹೋಗಿ ಕಾಫಿ ಕುಡಿದೆ.

ಹತ್ತು ಗಂಟೆಯ ಹೊತ್ತಿಗೆ ಗಾಜು ಬೆವರಿತು. ಭಾವನ ದೊಡ್ಡಪ್ಪನ ಮಗ, ಊರಿನ ಹಿರಿಯರೊಬ್ಬರು, ಟವೆಲಿನಿಂದ ಒರೆಸಿ ನೋಡಿದರು. ಒಳಗಿನ ನೀರು ಹೊರಗೆ ಒರೆಸಿದರೆ ಹೋಗುತ್ತದೆಯೇ?

"ಯಾಕೋ ಮಂಜು ಕಟ್ಕತಾ ಅದೆ ಕಣಮ್ಮ. ಇನ್ನು ಮಡಿಕಳಾದು ಬ್ಯಾಡ," ಎಂದರು ಅಕ್ಕನಿಗೆ.

ಅಕ್ಕ ಪೆಟ್ಟಿಗೆಗೆ ಒರಗಿ ಕೂತಿದ್ದವಳು ತಲೆ ಎತ್ತಿದಳು. "ಮಗ್ಳು ಬತ್ತಾವ್ಳೆ. ಅರಸೀಕೆರೆಗೆ ಇಳುದ್ಲಂತೆ. ವಸಿ ತಡ್ಕಳಿ."

"ನಾವ್ ತಡ್ಕತೀವಿ. ಅವನು ತಡ್ಕಬೇಕಲ್ಲಮ್ಮ."

ಅಕ್ಕ ನನ್ನ ಕಡೆ ತಿರುಗಿದಳು. ಇಷ್ಟು ಜನರ ನಡುವೆ ಈ ಪೆಟ್ಟಿಗೆಯ ವಿಷಯ ತಿಳಿದವನು ತನ್ನ ತಮ್ಮ ಇದ್ದಾನೆ ಎನ್ನುವ ಧೈರ್ಯ ಅವಳ ಮುಖದಲ್ಲಿತ್ತು. "ಲೇ, ನೀನೇಳ್ಲಾ ಇವರ್ಗೆ. ಇನ್ನೊಂದೆರಡ್ ಗಂಟೆ ತಡ್ಯಲ್ವಾ?"

"ಇಲ್ಲ ಕಣಕ್ಕ," ಎಂದೆ. "ನಿಮ್ಮನೆ ಕರೆಂಟು ಸಾಲ್ತಾ ಇಲ್ಲ. ಮಿಷನ್ ಎಳೀತಾ ಇಲ್ಲ."

ಅವಳು ನನ್ನ ಮಾತು ನಂಬಿದಳು.

ಹನ್ನೊಂದಕ್ಕೆ ಹೊರಡಿಸಿದರು. ಪೆಟ್ಟಿಗೆಯಿಂದ ಎತ್ತುವಾಗ ಬೆನ್ನ ಕೆಳಗಿದ್ದ ತಣ್ಣನೆಯ ನೀರು ನನ್ನ ಮುಂಗೈ ಮೇಲೆ ಹರಿಯಿತು. ಅವರ ಹೊಲದ ಬದುವಿನಲ್ಲೇ ಮಣ್ಣು. ನಾನು ಒಂದು ಹಿಡಿ ಮಣ್ಣು ಹಾಕಿ, ಗಾಡಿಯ ಕಡೆ ನೋಡಿಕೊಂಡು ನಿಂತಿದ್ದೆ. ಗುಂಡಿ ಮುಚ್ಚಿ ಮೇಲೆ ಸಮ ಮಾಡುತ್ತಿದ್ದಾಗ ಆಟೋ ಬಂತು. ಭಾವನ ಮಗಳು, ನನಗೆ ಸೋದರ ಸೊಸೆ, ಕೂಸನ್ನು ಯಾರ ಕೈಗೋ ಕೊಟ್ಟು ಬದುವಿನ ಮೇಲೆ ಓಡಿ ಬಂದಳು. ಅಳಲಿಲ್ಲ. "ತಗೀರಿ, ಒಂದ್ಸಲ ತಗೀರಿ," ಎಂದು ಹಾರೆ ಹಿಡಿದವರನ್ನು ಕೇಳಿದಳು. ಹಾಕಿದ ಮಣ್ಣು ತೆಗೆಯುವ ಹಾಗಿಲ್ಲ ಎಂದು ಹಿರಿಯರು ಹೇಳಿದರು. ಅವಳು ನನ್ನನ್ನು ನೋಡಿದಳು. ನಾನು ಗಡಿಯಾರ ನೋಡಿಕೊಂಡೆ. ಅರಕಲಗೂಡಿಗೆ ಹೇಳಿದ ಹೊತ್ತಿಗೆ ತಲುಪಲಾರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಹೊಡೆದುಕೊಳ್ಳುತ್ತಿತ್ತು, ಬೇರೆ ಯಾವುದಕ್ಕೂ ಅಲ್ಲ.

ಅರಕಲಗೂಡಿನವರು ಮೆಚ್ಚಿದರು. ಆ ಕಡೆಯ ಹಳ್ಳಿಗಳಿಂದ ಫೋನು ಬರತೊಡಗಿತು. ಮೂರನೆಯ ಪೆಟ್ಟಿಗೆ ಕೊಂಡೆ.

ನನಗೆ ಬುದ್ಧಿ ಬಂದದ್ದು ನನ್ನಿಂದಲ್ಲ. ವರ್ಷ ತುಂಬುವ ಮುಂಚೆ ಒಂದು ದಿನ ಅಕ್ಕನ ಮನೆಗೆ ಹೋದಾಗ ಗೋಡೆಯ ಮೇಲೆ ಹೊಸ ವೈರು, ಹೊಸ ಸ್ವಿಚ್ಚು ಇದ್ದವು. ಅಕ್ಕ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುತ್ತಿದ್ದಳು. ಒಂದು ಕರುವನ್ನು ಮಾರಿ ಮನೆಯ ವೈರಿಂಗ್ ಪೂರ್ತಿ ಬದಲಾಯಿಸಿದ್ದಳು. "ಎಲೆಕ್ಟ್ರಿಷಿಯನ್ನು ಮದ್ಲಿಂದೇ ಸರಿಯಾಗೈತೆ ಅಂದ ಕಣ್ಲಾ. ನಾನೇ ಕೇಳ್ನಿಲ್ಲ," ಎಂದಳು. "ಅವತ್ತು ನಮ್ಮನೆ ಕರೆಂಟು ಮೋಸ ಮಾಡ್ತಲ್ಲ. ಅವರು ಇದ್ದಾಗ್ಲೇ ಮಾಡ್ಸಣ ಅಂದ್ರೆ ನಾನೇ ಬ್ಯಾಡ ಅಂದಿದ್ದೆ. ಮಗಳಿಗೆ ಅಪ್ಪನ ಮುಖ ತಪ್ಪಿಸ್ದೋಳು ನಾನೇ."

ಬಂದವರಿಗೆಲ್ಲ ಹೀಗೇ ಹೇಳುತ್ತಿದ್ದಳಂತೆ. ಮಗಳಿಗೂ ಫೋನಿನಲ್ಲಿ ಹೇಳಿ ಅಳುತ್ತಿದ್ದಳಂತೆ. ನನ್ನ ಮೈಯ ಮೇಲೆ ಏನೋ ಹರಿದ ಹಾಗಾಯಿತು. ಕೊಳೆತದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಕಡಿಮೆ. ಅವತ್ತು ಆ ಹಜಾರದಲ್ಲಿ ಕೂತು ಅಂಥದ್ದೊಂದು ನನ್ನ ಅಂಗಿಯೊಳಗೇ ಇದೆ ಅನ್ನಿಸಿತು. ಹೇಳಿಬಿಟ್ಟೆ. ಗುಂಡಿ, ಫೋನು, ಅರಕಲಗೂಡು, ಎಲ್ಲ.

ಹೊರಗೆ ಹಸು ಕೂಗಿತು, ಅಕ್ಕ ಎದ್ದು ಹೋಗಿ ಹುಲ್ಲು ಹಾಕಿ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು, "ಪೆಟ್ಟಿಗೆ ಬೇಕು ಅಂತ ಕೇಳಿದ್ರೆ ಅವರನ್ನ ಬೇರೆ ಎಲ್ಲಾರಾ ಮನಗಿಸ್ತಿದ್ವಲ್ಲೋ. ಊರಾಗೆ ಐಸ್ ಸಿಕ್ತಿರ್ಲಿಲ್ವಾ?" ಎಂದಳು. ಆಮೇಲೆ, "ಅವಳ್ಗೆ ನೀನೇ ಓಗಿ ಏಳು. ನನ್ ಬಾಯಲ್ಲಿ ಏಳಿಸ್ಬ್ಯಾಡ," ಎಂದಳು. ಅವತ್ತಿನಿಂದ ಇವತ್ತಿನ ತನಕ ಅವಳು ನನ್ನನ್ನು ಲೇ ಎಂದು ಕರೆದಿಲ್ಲ.

ಹುಬ್ಬಳ್ಳಿಗೆ ಹೋದೆ. ಸೊಸೆ ಬಾಗಿಲು ತೆಗೆದು, ಮಾವ ಬಂದರಲ್ಲ ಎಂದು ಖುಷಿಪಟ್ಟು ಊಟಕ್ಕೆ ಇಟ್ಟಳು. ಉಂಡ ಮೇಲೆ ಹೇಳುವ ಧೈರ್ಯ ಇರುವುದಿಲ್ಲ ಎಂದು ತಟ್ಟೆಯ ಮುಂದೆಯೇ ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಕೇಳಿದಳು. ಬೈದರೆ ಬೈಸಿಕೊಳ್ಳಲು, ಉಗಿದರೆ ಉಗಿಸಿಕೊಳ್ಳಲು ಸಿದ್ಧನಾಗಿ ಕೂತಿದ್ದೆ.

"ಮುಖ ಎಂಗಿತ್ತು ಮಾವ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಅಮ್ಮನ್ನ ಕೇಳಿದ್ರೆ ಬರೀ ಅಳ್ತಾಳೆ. ಗಾಜು ಮಂಜಾಗೋಕೆ ಮುಂಚೆ ನೀವು ಅಲ್ಲೇ ಇದ್ರಲ್ಲ, ಪಕ್ಕದಲ್ಲೇ. ಅಪ್ಪನ ಮುಖ ಎಂಗಿತ್ತು?"

ಇಂಥ ಪ್ರಶ್ನೆಗೆ ಹೇಳುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮಲಗಿದ ಹಾಗಿತ್ತು, ನೋವಿನ ಗುರುತೇ ಇರಲಿಲ್ಲ ಎಂದು ತಡವಾಗಿ ಬಂದ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದೇನೆ. ಅದನ್ನೇ ಹೇಳಲು ಬಾಯಿ ತೆರೆದೆ. ಭಾವನ ಮುಖವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಎತ್ತಿ ಮಲಗಿಸಿದವನು ನಾನು, ಇಳಿಸಿದವನು ನಾನು, ಬೆಳಿಗ್ಗೆಯೆಲ್ಲ ಪಕ್ಕದಲ್ಲಿ ಓಡಾಡಿದವನು ನಾನು. ಕಾಲಿನ ಕಡೆ ಬಗ್ಗಿದ್ದು ನೆನಪಿತ್ತು, ಗಾಜಿನ ಮೇಲೆ ನೀರು ಎಷ್ಟು ಇಳಿದಿದೆ ಎಂದು ನೋಡಿದ್ದು ನೆನಪಿತ್ತು.

"ನಾನು ನೋಡ್ನಿಲ್ಲ ಕಣವ್ವ," ಎಂದೆ.

ಸೊಸೆ ಸೌಟನ್ನು ಪಾತ್ರೆಗೆ ಹಾಕಿ ಮುಚ್ಚಿದಳು. ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡಳು. "ಬಸ್ಸಿಗೆ ಒತ್ತಾಯ್ತದೆ. ಒರಡಿ ಮಾವ," ಎಂದಳು.

ಆಗ ಮಧ್ಯಾಹ್ನ. ನನ್ನ ಬಸ್ಸು ಇದ್ದುದು ರಾತ್ರಿಗೆ, ಅದು ಇಬ್ಬರಿಗೂ ಗೊತ್ತಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡೆ.